ಗೋದಲಿಯ ಗುರುತು: ಜವಳಿ ವ್ಯಾಪಾರಿಯ ಮಗ ಫ್ರಾನ್ಸಿಸ್ ತೋರಿಸಿದ ಕ್ರಿಸ್‌ಮಸ್

ಡಿಸೆಂಬರ್ ಬಂತೆಂದರೆ ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಗೋದಲಿ ಕಟ್ಟುವ ಗಡಿಬಿಡಿ. ಬೈಹುಲ್ಲು ತರಬೇಕು, ಭತ್ತವೋ ರಾಗಿಯೋ ಬಿತ್ತಿ ಹಸಿರು ಸಸಿ ಬೆಳೆಸಬೇಕು, ಮೇಲೊಂದು ನಕ್ಷತ್ರ ತೂಗಬೇಕು. ದುಬೈ, ದೋಹಾ, ಕುವೈತ್‌ನ ಫ್ಲ್ಯಾಟುಗಳಲ್ಲೂ ರಟ್ಟಿನ ಪೆಟ್ಟಿಗೆ ಕತ್ತರಿಸಿ, ಕಂದು ಕಾಗದ ಮುದುಡಿ ಗುಡ್ಡ ಮಾಡಿ, ಮೂಲೆಯಲ್ಲೊಂದು ಪುಟ್ಟ ಗೋದಲಿ ಇಡುವವರಿದ್ದಾರೆ. ಹೀಗೆ ಕಟ್ಟಿದ ಇಡೀ ಗುಡಿಸಲಿಗೇ ಗೋದಲಿ ಅನ್ನುವುದು ರೂಢಿ. ಆದರೆ ಆ ಪದದ ಅರ್ಥ ಅಷ್ಟು ದೊಡ್ಡದಲ್ಲ. ಗೋದಲಿ ಅಂದರೆ ಹಟ್ಟಿಯಲ್ಲಿ ದನಕ್ಕೆ ಹುಲ್ಲು ಹಾಕುವ ತೊಟ್ಟಿ. ಅಷ್ಟೇ.

ಕ್ರಿಸ್ತ ಜನನದ ಕಥೆಯಲ್ಲಿ ಆ ತೊಟ್ಟಿಯೇ ದೊಡ್ಡ ಗುರುತು ಎಂಬುದನ್ನು ಜನರ ಕಣ್ಣಿಗೆ ಕಾಣುವ ಹಾಗೆ ಇಟ್ಟು ತೋರಿಸಿದವರು ಇಟಲಿಯ ಅಸ್ಸಿಸಿ ಎಂಬ ಊರಿನ ಸಂತ ಫ್ರಾನ್ಸಿಸ್. ವರ್ಷ 1223. ಇಂದು ಲೋಕದ ಮೂಲೆಮೂಲೆಯಲ್ಲೂ ಕಟ್ಟುವ ಗೋದಲಿಗಳಿಗೆ ಆ ರಾತ್ರಿಯೇ ಮಾದರಿ. ಅವರ ಬದುಕು ಶುರುವಾದದ್ದು ಮಾತ್ರ ಹುಲ್ಲಿನ ನಡುವೆ ಅಲ್ಲ, ಬಣ್ಣಬಣ್ಣದ ಬಟ್ಟೆಯ ಥಾನುಗಳ ನಡುವೆ.

ಅಪ್ಪ ಪರದೇಶದಲ್ಲಿ

ಫ್ರಾನ್ಸಿಸ್ ಹುಟ್ಟಿದ್ದು 1181 ಅಥವಾ 1182ರಲ್ಲಿ. ತಂದೆ ಪಿಯೆತ್ರೊ ದಿ ಬೆರ್ನಾರ್ದೊನೆ ಅಸ್ಸಿಸಿಯ ದೊಡ್ಡ ಜವಳಿ ವ್ಯಾಪಾರಿ. ಫ್ರಾನ್ಸಿಗೆ ಹೋಗಿ ಬಟ್ಟೆ ತಂದು ಊರಲ್ಲಿ ಮಾರುವುದು ಅವರ ಕಸುಬು. ಮಗ ಹುಟ್ಟಿದಾಗಲೂ ಅವರು ಊರಲ್ಲಿರಲಿಲ್ಲ, ವ್ಯಾಪಾರಕ್ಕೆಂದು ಫ್ರಾನ್ಸಿಗೆ ಹೋಗಿದ್ದರು. ತಾಯಿ ಪೀಕಾ ಮಗುವಿಗೆ ಜ್ಞಾನಸ್ನಾನ ಕೊಡಿಸಿ ಜಿಯೋವಾನ್ನಿ, ಅಂದರೆ ಜಾನ್, ಅಂತ ಹೆಸರಿಟ್ಟಿದ್ದರು. ತಿರುಗಿ ಬಂದ ಅಪ್ಪ ಆ ಹೆಸರು ಬದಲಿಸಿ ಫ್ರಾಂಚೆಸ್ಕೊ ಅಂದರು. ಫ್ರಾನ್ಸಿನವನು ಎಂದು ಅದರ ಅರ್ಥ. ತನಗೆ ಅನ್ನ ಕೊಟ್ಟ ನಾಡಿನ ಹೆಸರನ್ನೇ ಮಗನಿಗೆ ಇಟ್ಟ ಆ ತಂದೆಯ ಮನಸ್ಸು ಪರದೇಶದಲ್ಲಿ ದುಡಿಯುವವರಿಗೆ ಬೇಗ ಅರ್ಥವಾದೀತು.

ಮಗ ಬೆಳೆದದ್ದು ರಾಜಕುಮಾರನ ಹಾಗೆ. ಅಂಗಡಿಯಲ್ಲಿ ಬಟ್ಟೆ ಮಾರುವುದರಲ್ಲಿ ಚುರುಕು, ದುಡ್ಡು ಖರ್ಚು ಮಾಡುವುದರಲ್ಲಿ ಇನ್ನೂ ಚುರುಕು. ಗೆಳೆಯರ ದಂಡು, ರಾತ್ರಿಯಿಡೀ ಹಾಡು, ಊಟದ ಕೂಟ, ಮೈಮೇಲೆ ಬೆಲೆಬಾಳುವ ಉಡುಪು. ವ್ಯಾಪಾರಿಯ ಮಗ ಅನ್ನಿಸಿಕೊಂಡರೆ ಸಾಲದು, ಕುದುರೆ ಏರಿದ ಯೋಧ ಅನ್ನಿಸಿಕೊಳ್ಳಬೇಕು ಎಂಬ ಆಸೆ ಬೇರೆ. 1202ರಲ್ಲಿ ಅಸ್ಸಿಸಿಗೂ ನೆರೆಯ ಪೆರುಜಿಯಾಕ್ಕೂ ಯುದ್ಧ ನಡೆದಾಗ ಹೊರಟೇಬಿಟ್ಟ. ಅಸ್ಸಿಸಿ ಸೋತಿತು. ಫ್ರಾನ್ಸಿಸ್ ಸೆರೆಸಿಕ್ಕಿ ಸುಮಾರು ಒಂದು ವರ್ಷ ಪೆರುಜಿಯಾದ ಬಂದೀಖಾನೆಯಲ್ಲಿ ಕಳೆದ. ಬಿಡುಗಡೆಯಾಗಿ ಬಂದ ಮೇಲೆ ಕಾಯಿಲೆ ಬಿದ್ದ. ಹಾಸಿಗೆಯಿಂದ ಎದ್ದಾಗ ಹಳೆಯ ಕೂಟಗಳ ರುಚಿ ಹೋಗಿತ್ತು. ಆದರೂ ಯುದ್ಧದ ಆಸೆ ಬಿಡದೆ 1205ರ ಸುಮಾರಿಗೆ ಮತ್ತೆ ದಕ್ಷಿಣ ಇಟಲಿಯ ಕಡೆ ಹೊರಟ. ಸ್ಪೊಲೆತೊ ಎಂಬ ಊರಲ್ಲಿ ಬಿದ್ದ ಕನಸೊಂದು ಅವನನ್ನು ಹಿಂದಕ್ಕೆ ಕಳಿಸಿತು. ದೊಡ್ಡ ಸವಾರನಾಗಿ ಹೊರಟವನು ಏನೂ ಆಗದೆ ಊರಿಗೆ ಬಂದ.

ಆ ದಿನಗಳಲ್ಲೇ ದಾರಿಯಲ್ಲೊಬ್ಬ ಕುಷ್ಠರೋಗಿ ಎದುರಾದ. ಕುಷ್ಠರೋಗಿಗಳೆಂದರೆ ಫ್ರಾನ್ಸಿಸನಿಗೆ ಮೊದಲಿನಿಂದಲೂ ಅಸಹ್ಯ, ದೂರದಿಂದ ಕಂಡರೂ ಮೂಗು ಮುಚ್ಚಿಕೊಳ್ಳುತ್ತಿದ್ದ. ಅಂದು ಕುದುರೆಯಿಂದ ಇಳಿದ, ಕೈಗೆ ದುಡ್ಡು ಕೊಟ್ಟ, ಆ ಕೈಗೆ ಮುತ್ತಿಟ್ಟ. ಕಹಿಯಾಗಿದ್ದದ್ದು ಅಲ್ಲಿಂದ ಸಿಹಿಯಾಯಿತು ಎಂದು ಸಾಯುವ ಮುಂಚೆ ಬರೆಸಿದ ಮರಣಶಾಸನದಲ್ಲಿ ಅವರೇ ನೆನಪಿಸಿಕೊಂಡಿದ್ದಾರೆ.

ಬಿಷಪರ ಮುಂದೆ ಕಳಚಿಟ್ಟ ಬಟ್ಟೆ

ಅಸ್ಸಿಸಿಯ ಹೊರಗೆ ಸಾನ್ ದಾಮಿಯಾನೊ ಎಂಬ ಪಾಳುಬಿದ್ದ ಪುಟ್ಟ ಚರ್ಚು. ಅಲ್ಲಿನ ಶಿಲುಬೆಯ ಮುಂದೆ ಪ್ರಾರ್ಥಿಸುತ್ತಿದ್ದಾಗ, ಬೀಳುತ್ತಿರುವ ನನ್ನ ಮನೆಯನ್ನು ಸರಿಮಾಡು ಎಂಬ ದನಿ ಕೇಳಿಸಿತಂತೆ. ಫ್ರಾನ್ಸಿಸ್ ಅದನ್ನು ಗೋಡೆ ರಿಪೇರಿಯ ಕೆಲಸ ಎಂದೇ ತಿಳಿದ. ಅಪ್ಪನ ಅಂಗಡಿಯಿಂದ ಬಟ್ಟೆ ಹೇರಿಕೊಂಡು ಫೊಲಿನ್ಯೊ ಪೇಟೆಗೆ ಹೋಗಿ ಬಟ್ಟೆಯನ್ನೂ ಕುದುರೆಯನ್ನೂ ಮಾರಿ, ಬಂದ ಹಣವನ್ನು ಆ ಚರ್ಚಿನ ಪಾದ್ರಿಗೆ ಕೊಡಲು ಹೋದ. ಪಾದ್ರಿ ಹೆದರಿ ಹಣ ಮುಟ್ಟಲಿಲ್ಲ. ಫ್ರಾನ್ಸಿಸ್ ಅದನ್ನು ಕಿಟಕಿಯ ಕಟ್ಟೆಯ ಮೇಲೆ ಎಸೆದುಬಿಟ್ಟ.

ಪಿಯೆತ್ರೊಗೆ ಸಿಟ್ಟು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಮಗನನ್ನು ಮನೆಯಲ್ಲಿ ಕೂಡಿಹಾಕಿದರು. ಅಪ್ಪ ಊರಲ್ಲಿಲ್ಲದ ಹೊತ್ತು ನೋಡಿ ತಾಯಿ ಬಾಗಿಲು ತೆಗೆದಳು. ಕೊನೆಗೆ 1206ರಲ್ಲಿ ವಿಷಯ ಬಿಷಪ್ ಗ್ವಿದೊ ಅವರ ಮುಂದೆ ಪಂಚಾಯ್ತಿಗೆ ಬಂತು. ಹಣ ತಿರುಗಿ ಕೊಡು ಎಂದರು ಬಿಷಪ್. ಮಗ ಹಣ ಕೊಟ್ಟ. ಅಷ್ಟಕ್ಕೇ ನಿಲ್ಲಲಿಲ್ಲ. ಮೈಮೇಲಿದ್ದ ಉಡುಪನ್ನೆಲ್ಲ ಕಳಚಿ, ಹಣವನ್ನು ಅದರ ಮೇಲಿಟ್ಟು ಎಲ್ಲರೆದುರು ಬೆತ್ತಲೆ ನಿಂತ. ಇನ್ನು ಮುಂದೆ ತನಗೆ ಸ್ವರ್ಗದಲ್ಲಿರುವ ತಂದೆ ಒಬ್ಬನೇ ಎಂದು ಸಾರಿದ. ಬಿಷಪರು ತಮ್ಮ ಮೇಲಂಗಿಯಿಂದ ಅವನನ್ನು ಮುಚ್ಚಿದರು. ಪಿಯೆತ್ರೊ ಹಣವನ್ನೂ ಬಟ್ಟೆಗಳನ್ನೂ ಎತ್ತಿಕೊಂಡು ಮನೆಗೆ ನಡೆದರು.

ಪಿಯೆತ್ರೊ ಅವರನ್ನು ಜಿಪುಣ ಎಂದು ಬಯ್ಯುವುದು ಸುಲಭ. ಆದರೆ ಅವರು ತಿಂಗಳುಗಟ್ಟಲೆ ಊರು ಬಿಟ್ಟು, ಕಳ್ಳಕಾಕರ ದಾರಿಯಲ್ಲಿ ಓಡಾಡಿ ಕಟ್ಟಿದ ವ್ಯಾಪಾರ ಅದು. ಯಾರಿಗಾಗಿ ದುಡಿದರೋ ಅವನೇ ಬೇಡ ಎಂದ. ಮುಂದೆ ದಾರಿಯಲ್ಲಿ ಮಗ ಎದುರಾದಾಗಲೆಲ್ಲ ಅವರು ಶಪಿಸುತ್ತಿದ್ದರಂತೆ. ಆ ಶಾಪ ಫ್ರಾನ್ಸಿಸರನ್ನು ಎಷ್ಟು ಚುಚ್ಚಿತೆಂದರೆ, ಬಡ ಭಿಕ್ಷುಕನೊಬ್ಬನನ್ನು ತಂದೆಯ ಸ್ಥಾನದಲ್ಲಿ ಜೊತೆಗಿಟ್ಟುಕೊಂಡು, ಅಪ್ಪ ಶಪಿಸಿದಾಗಲೆಲ್ಲ ಅವನಿಂದ ಆಶೀರ್ವಾದ ಪಡೆಯುತ್ತಿದ್ದರು. ತಂದೆ ಮಗ ಮತ್ತೆ ಒಂದಾದರು ಎಂದು ಹಳೆಯ ಚರಿತ್ರೆಗಳು ಎಲ್ಲೂ ಹೇಳುವುದಿಲ್ಲ.

ಅಂದಿನಿಂದ ಫ್ರಾನ್ಸಿಸರದು ಒರಟು ನಿಲುವಂಗಿ, ಸೊಂಟಕ್ಕೊಂದು ಹಗ್ಗ. ಕಲ್ಲು ಬೇಡಿ ತಂದು ಚರ್ಚುಗಳ ಗೋಡೆ ಕಟ್ಟಿದರು, ಕುಷ್ಠರೋಗಿಗಳ ಗಾಯ ತೊಳೆದರು. ಮೊದಲು ಹುಚ್ಚ ಎಂದು ಕಲ್ಲೆಸೆದ ಊರಿನಿಂದಲೇ ಒಬ್ಬೊಬ್ಬರಾಗಿ ಜೊತೆಗೆ ಬಂದರು. 1209ರಲ್ಲಿ ರೋಮಿಗೆ ಹೋದಾಗ ಪೋಪ್ ಮೂರನೇ ಇನ್ನೊಸೆಂಟ್ ಅವರ ಜೀವನಕ್ರಮಕ್ಕೆ ಬಾಯಿಮಾತಿನ ಒಪ್ಪಿಗೆ ಕೊಟ್ಟರು. 1212ರಲ್ಲಿ ಅಸ್ಸಿಸಿಯ ಶ್ರೀಮಂತ ಮನೆತನದ ಕ್ಲಾರಾ ಮನೆ ಬಿಟ್ಟು ಬಂದು ಇದೇ ಹಾದಿ ಹಿಡಿದಳು. ತಮ್ಮ ಗುಂಪಿಗೆ ಫ್ರಾನ್ಸಿಸ್ ಇಟ್ಟ ಹೆಸರು ಕಿರಿಯ ಸಹೋದರರು ಎಂದು. ಊರಿನ ದೊಡ್ಡವರ ಸಾಲಲ್ಲಿ ತಾವಿಲ್ಲ, ಚಿಕ್ಕವರ ಸಾಲಲ್ಲಿದ್ದೇವೆ ಎಂಬುದು ಅದರ ಅರ್ಥ.

ಕುರುಬರಿಗೆ ಸಿಕ್ಕ ಗುರುತು

ಫ್ರಾನ್ಸಿಸ್ ಕ್ರಿಸ್‌ಮಸ್ಸನ್ನು ಹಬ್ಬಗಳ ಹಬ್ಬ ಅಂತ ಕರೆಯುತ್ತಿದ್ದರು. ಯಾಕೆ ಎಂಬುದು ತಿಳಿಯಬೇಕಾದರೆ ಆ ಕಥೆಯ ಗುರುತುಗಳನ್ನು ಒಮ್ಮೆ ನೋಡಬೇಕು.

ಮತ್ತಾಯನ ಶುಭಸಂದೇಶದಲ್ಲಿ ಗುರುತು ಆಕಾಶದಲ್ಲಿದೆ. ಪೂರ್ವದ ಜ್ಞಾನಿಗಳು ನಕ್ಷತ್ರ ನೋಡಿ ಬರುತ್ತಾರೆ, ಚಿನ್ನ, ಧೂಪ, ರಕ್ತಬೋಳ ಅರ್ಪಿಸುತ್ತಾರೆ. ಚಿನ್ನ ಅರಸನಿಗೆ, ಧೂಪ ದೇವರಿಗೆ, ಹೆಣಕ್ಕೆ ಹಚ್ಚುವ ರಕ್ತಬೋಳ ಮುಂದೆ ಬರುವ ಮರಣಕ್ಕೆ ಎಂದು ಸಭೆಯ ಹಿರಿಯರು ಮೊದಲಿನಿಂದಲೂ ಅರ್ಥ ಹೇಳಿದ್ದಾರೆ. ಒಮಾನಿನ ಸಲಾಲಾ ಕಡೆ ಮರದಿಂದ ಇಳಿಯುವ ಲೋಬಾನ ಇದೆಯಲ್ಲ, ಆ ಧೂಪ ಅದೇ ಜಾತಿಯದು. ಹಳೆಯ ಕಾಲದಲ್ಲಿ ಅದಕ್ಕೆ ಭಾರೀ ಬೆಲೆ.

ಲೂಕನ ಶುಭಸಂದೇಶದ ಗುರುತೇ ಬೇರೆ. ರಾತ್ರಿ ಹೊಲದಲ್ಲಿ ಕುರಿ ಕಾಯುತ್ತಿದ್ದವರಿಗೆ ದೇವದೂತ ಸುದ್ದಿ ಹೇಳುತ್ತಾನೆ. ಮಗುವನ್ನು ಪತ್ತೆಹಚ್ಚುವುದು ಹೇಗೆ ಎಂಬುದಕ್ಕೆ ಎರಡೇ ಗುರುತು ಕೊಡುತ್ತಾನೆ: ಬಟ್ಟೆಯಲ್ಲಿ ಸುತ್ತಿದೆ, ಗೋದಲಿಯಲ್ಲಿ ಮಲಗಿದೆ. ಗುರುತು ಅಂದರೆ ಎಲ್ಲೂ ಇಲ್ಲದ ವಿಶೇಷ ಇರಬೇಕು. ಇಲ್ಲಿ ವಿಶೇಷವೇ ಇಲ್ಲ. ಹುಟ್ಟಿದ ಮಗುವನ್ನು ಎಲ್ಲ ತಾಯಂದಿರೂ ಬಟ್ಟೆಯಲ್ಲಿ ಸುತ್ತುತ್ತಾರೆ. ಗೋದಲಿಯಂತೂ ಕುರುಬರಿಗೆ ದಿನಬೆಳಗಾದರೆ ಕಾಣುವ ವಸ್ತು. ಅರಮನೆಯಲ್ಲಿ ಹುಟ್ಟಿದ್ದರೆ ಕಾವಲುಗಾರರು ಇವರನ್ನು ಹೆಬ್ಬಾಗಿಲಲ್ಲೇ ತಡೆಯುತ್ತಿದ್ದರು. ಹಟ್ಟಿಗೆ ಹೋಗಲು ಯಾರನ್ನೂ ಕೇಳಬೇಕಿಲ್ಲ. ಓದು ಬಾರದವರೂ ಓದಬಹುದಾದ ಗುರುತು ಅದು.

ಜವಳಿ ಅಂಗಡಿಯಲ್ಲಿ ಬೆಳೆದ ಫ್ರಾನ್ಸಿಸರಿಗೆ ಬಟ್ಟೆಯ ಬೆಲೆ ಚೆನ್ನಾಗಿ ಗೊತ್ತಿತ್ತು. ಮನುಷ್ಯರು ಬಟ್ಟೆ ನೋಡಿ ಮನುಷ್ಯರನ್ನು ಅಳೆಯುತ್ತಾರೆ ಎಂಬುದೂ ಗೊತ್ತಿತ್ತು. ಒಮ್ಮೆ ಊಟದ ಹೊತ್ತಲ್ಲಿ ಸಹೋದರರೊಬ್ಬರು ಆ ಹೆರಿಗೆಯ ದಿನ ಮರಿಯಮ್ಮನಿಗಿದ್ದ ಬಡತನದ ಮಾತೆತ್ತಿದರು. ಫ್ರಾನ್ಸಿಸ್ ಅಳುತ್ತಾ ಮೇಜು ಬಿಟ್ಟೆದ್ದು, ಉಳಿದ ರೊಟ್ಟಿಯನ್ನು ಬರಿನೆಲದ ಮೇಲೆ ಕುಳಿತು ತಿಂದರು.

ಸುಲ್ತಾನರ ಡೇರೆಯಲ್ಲಿ

1219ರಲ್ಲಿ ಅವರು ಈಜಿಪ್ಟಿಗೆ ಹೋದರು. ಅದು ಐದನೆಯ ಕ್ರೂಸೇಡಿನ ಕಾಲ. ನೈಲ್ ನದಿಯ ದಡದ ದಮಿಯೆತ್ತಾ ನಗರಕ್ಕೆ ಯುರೋಪಿನ ಸೇನೆ ಮುತ್ತಿಗೆ ಹಾಕಿತ್ತು. ಎರಡೂ ಕಡೆ ಹೆಣ ಬೀಳುತ್ತಿದ್ದವು. ಫ್ರಾನ್ಸಿಸ್ ಇಲ್ಲುಮಿನಾತೊ ಎಂಬ ಒಬ್ಬ ಜೊತೆಗಾರನೊಂದಿಗೆ ಕೈಯಲ್ಲಿ ಆಯುಧವಿಲ್ಲದೆ ಎದುರಾಳಿಯ ಕಡೆ ನಡೆದರು. ಸಲಾಹುದ್ದೀನರ ಸೋದರನ ಮಗ ಸುಲ್ತಾನ್ ಅಲ್ ಮಲಿಕ್ ಅಲ್ ಕಾಮಿಲ್ ಅವರನ್ನು ಮರ್ಯಾದೆಯಿಂದ ಬರಮಾಡಿಕೊಂಡರು, ಅವರ ಮಾತು ಕೇಳಿದರು, ಕಾಣಿಕೆ ಕೊಡಲು ಬಂದರು. ಕಾಣಿಕೆಯನ್ನು ಫ್ರಾನ್ಸಿಸ್ ಒಲ್ಲೆ ಎಂದರು. ಸುಲ್ತಾನರು ಅವರನ್ನು ಸುರಕ್ಷಿತವಾಗಿ ಹಿಂದಕ್ಕೆ ಕಳಿಸಿಕೊಟ್ಟರು. ಇಬ್ಬರಲ್ಲಿ ಯಾರೂ ಮತ ಬದಲಿಸಲಿಲ್ಲ, ಯುದ್ಧವೂ ನಿಲ್ಲಲಿಲ್ಲ. ಆದರೆ ಹೋದವರು ಜೀವಂತ ಬಂದರು.

ಆ ಆಸ್ಥಾನಕ್ಕೆ ಮರಿಯಮ್ಮನ ಹೆಸರು ಹೊಸದಾಗಿರಲಿಲ್ಲ. ಕುರ್‌ಆನಿನ 19ನೇ ಅಧ್ಯಾಯದ ಹೆಸರೇ ಮರ್ಯಮ್. ಖರ್ಜೂರದ ಮರದ ಬುಡದಲ್ಲಿ ಆಕೆಗೆ ಹೆರಿಗೆ ನೋವು ಬಂದದ್ದು, ಆಕೆಗಾಗಿ ನೀರು ಹರಿದದ್ದು, ಹಣ್ಣು ಉದುರಿದ್ದು ಅಲ್ಲಿದೆ. ಹುಟ್ಟುವ ಮಗು ಜನರಿಗೊಂದು ಗುರುತು ಎಂಬ ಮಾತೂ ಅಲ್ಲಿದೆ.

ತಿರುಗಿ ಬಂದ ಮೇಲೆ 1221ರಲ್ಲಿ ಸಿದ್ಧವಾದ ನಿಯಮಾವಳಿಯಲ್ಲಿ, ಮುಸ್ಲಿಮರ ನಡುವೆ ಬದುಕಲು ಹೋಗುವ ಸಹೋದರರು ಜಗಳ, ವಾದ ಮಾಡಬಾರದು, ಎಲ್ಲರಿಗೂ ತಗ್ಗಿ ನಡೆಯಬೇಕು ಎಂಬ ಮಾತು ಸೇರಿತು. ನಾಡನ್ನಾಳುವವರಿಗೆ ಬರೆದ ಒಂದು ಪತ್ರದಲ್ಲಿ ಫ್ರಾನ್ಸಿಸ್, ದಿನಾ ಸಂಜೆ ಜನರೆಲ್ಲ ದೇವರನ್ನು ಸ್ತುತಿಸುವಂತೆ ಒಬ್ಬನಿಂದ ಕೂಗಿಸಿ ಎಂದು ಕೇಳಿಕೊಂಡರು. ಈಜಿಪ್ಟಿನಲ್ಲಿ ಕೇಳಿದ ಬಾಂಗ್ ಅವರ ಮನಸ್ಸಿನಲ್ಲಿ ಉಳಿದಿತ್ತು ಎಂದು ಹಲವು ವಿದ್ವಾಂಸರು ಅಭಿಪ್ರಾಯಪಡುತ್ತಾರೆ.

ಗ್ರೆಚ್ಚೊದ ರಾತ್ರಿ

ಅಷ್ಟರಲ್ಲಿ ಕಿರಿಯ ಸಹೋದರರ ಸಂಖ್ಯೆ ಸಾವಿರಗಟ್ಟಲೆ ಬೆಳೆದಿತ್ತು. ಸಂಖ್ಯೆ ಬೆಳೆದಂತೆ ಮನೆ ಬೇಕು, ಪುಸ್ತಕ ಬೇಕು, ಇಷ್ಟು ಕಠಿಣ ಬಡತನ ಯಾಕೆ ಎಂಬ ಮಾತೂ ಬೆಳೆಯಿತು. ಫ್ರಾನ್ಸಿಸ್ 1220ರಲ್ಲೇ ಮುಖ್ಯಸ್ಥನ ಸ್ಥಾನ ಬಿಟ್ಟಿದ್ದರು. 1223ರ ನವೆಂಬರ್ 29ರಂದು ಪೋಪ್ ಮೂರನೇ ಹೊನೋರಿಯಸ್ ಹೊಸ ನಿಯಮಾವಳಿಗೆ ಮುದ್ರೆ ಒತ್ತಿದರು. ಕಾಗದದ ಮೇಲೆ ಎಲ್ಲ ಸರಿಯಾಯಿತು. ಗೋದಲಿಯ ಮಾತು ಮಾತ್ರ ಮರೆತು ಹೋದೀತು ಎಂಬ ಭಯ ಅವರಿಗೆ ಇದ್ದೇ ಇತ್ತು. ಗ್ರೆಚ್ಚೊದಲ್ಲೇ ಒಂದು ಹಬ್ಬದ ದಿನ ಸಹೋದರರು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಗಾಜಿನ ಲೋಟ ಇಟ್ಟು ಊಟಕ್ಕೆ ಸಿದ್ಧಮಾಡಿದ್ದರು. ಫ್ರಾನ್ಸಿಸ್ ಯಾತ್ರಿಕನ ಟೋಪಿ ಹಾಕಿ, ಕೋಲು ಹಿಡಿದು, ಬಾಗಿಲಲ್ಲಿ ನಿಂತು ಭಿಕ್ಷೆ ಕೇಳಿದರು. ಕೊಟ್ಟದ್ದನ್ನು ನೆಲದ ಮೇಲೆ ಕೂತು ಉಂಡರು. ಬೈಗುಳ ಬೇಕಾಗಲಿಲ್ಲ.

ಗ್ರೆಚ್ಚೊ ಎಂಬುದು ರೋಮಿನ ಈಶಾನ್ಯಕ್ಕೆ, ರಿಯೇತಿ ಕಣಿವೆಯ ಗುಡ್ಡದ ಮೇಲಿನ ಹಳ್ಳಿ. ಅಲ್ಲಿ ಜಿಯೋವಾನ್ನಿ ಎಂಬ ಗೃಹಸ್ಥರು ಫ್ರಾನ್ಸಿಸರಿಗೆ ಆಪ್ತರು. ಕ್ರಿಸ್‌ಮಸ್ಸಿಗೆ ಸುಮಾರು ಹದಿನೈದು ದಿನ ಇರುವಾಗ ಅವರನ್ನು ಕರೆದು, ಬೆತ್ಲೆಹೇಮಿನಲ್ಲಿ ಆ ಮಗು ಎಷ್ಟು ಕಷ್ಟದಲ್ಲಿ ಹುಲ್ಲಿನ ಮೇಲೆ ಮಲಗಿತ್ತು ಎಂಬುದನ್ನು ತನ್ನ ಕಣ್ಣಿಂದಲೇ ನೋಡಬೇಕು, ಒಂದು ಗೋದಲಿ, ಹುಲ್ಲು, ಎತ್ತು, ಕತ್ತೆ ಸಿದ್ಧಮಾಡಿ ಎಂದರು.

ಆ ರಾತ್ರಿ ಸುತ್ತಲಿನ ಹಳ್ಳಿಯವರು ಮೋಂಬತ್ತಿ, ಪಂಜು ಹಿಡಿದು ಗುಡ್ಡ ಹತ್ತಿದರು. ಗೋದಲಿಯ ಮೇಲೆಯೇ ಬಲಿಪೂಜೆ ನಡೆಯಿತು. ಫ್ರಾನ್ಸಿಸ್ ಗುರುಪಟ್ಟ ಪಡೆದವರಲ್ಲ, ಡೀಕನ್ ಅಷ್ಟೇ. ಶುಭಸಂದೇಶವನ್ನು ಹಾಡಿ, ಪ್ರಸಂಗ ಹೇಳಿದರು. ಬೆತ್ಲೆಹೇಮ್ ಎಂಬ ಹೆಸರನ್ನು ಕುರಿಮರಿ ಕೂಗಿದ ಹಾಗೆ ಎಳೆದು ಹೇಳುತ್ತಿದ್ದರು, ಯೇಸುವಿನ ಹೆಸರು ಬಂದಾಗ ಸಿಹಿ ತಿಂದವರಂತೆ ತುಟಿ ಸವರಿಕೊಳ್ಳುತ್ತಿದ್ದರು ಎಂದು ಅವರ ಮೊದಲ ಚರಿತ್ರೆ ಬರೆದ ಚೆಲಾನೊದ ತೋಮಸ್ ಹೇಳುತ್ತಾರೆ.

ಗೋದಲಿಯನ್ನು ಪೂಜಿಸಿದ್ದು ಅದೇ ಮೊದಲಲ್ಲ. ರೋಮಿನ ಸಾಂತಾ ಮರಿಯಾ ಮಜ್ಜೋರೆ ಚರ್ಚಿನಲ್ಲಿ ಅದಕ್ಕೊಂದು ಪವಿತ್ರಸ್ಥಾನ ಎಷ್ಟೋ ಮೊದಲೇ ಇತ್ತು, ಚರ್ಚುಗಳಲ್ಲಿ ಕ್ರಿಸ್ತಜನನದ ನಾಟಕಗಳೂ ನಡೆಯುತ್ತಿದ್ದವು. ಫ್ರಾನ್ಸಿಸ್ ಮಾಡಿದ್ದು, ಅದನ್ನು ಹಳ್ಳಿಯ ಗುಡ್ಡಕ್ಕೆ, ನಿಜವಾದ ಹುಲ್ಲಿಗೆ, ನಿಜವಾದ ದನಗಳ ನಡುವೆ ತಂದದ್ದು. ಗ್ರೆಚ್ಚೊದಲ್ಲಿ ಮರಿಯಮ್ಮ, ಜೋಸೆಫರ ವೇಷ ಇತ್ತೆಂದಾಗಲೀ ಮಗುವಿನ ಬೊಂಬೆ ಇತ್ತೆಂದಾಗಲೀ ತೋಮಸ್ ಬರೆದಿಲ್ಲ. ಜ್ಞಾನಿಗಳಿಲ್ಲ, ಚಿನ್ನವಿಲ್ಲ. ಹುಲ್ಲು ತುಂಬಿದ ತೊಟ್ಟಿ, ಪಕ್ಕದಲ್ಲಿ ಎರಡು ಪ್ರಾಣಿ.

ಆ ಎರಡು ಪ್ರಾಣಿಗಳು ಲೂಕನ ಕಥೆಯಲ್ಲೂ ಇಲ್ಲ. ಅವು ಬಂದದ್ದು ಪ್ರವಾದಿ ಯೆಶಾಯನ ಗ್ರಂಥದ ಮೊದಲ ಅಧ್ಯಾಯದಿಂದ. ಎತ್ತಿಗೆ ತನ್ನ ಯಜಮಾನ ಗೊತ್ತು, ಕತ್ತೆಗೆ ತನ್ನ ಒಡೆಯನ ಗೋದಲಿ ಗೊತ್ತು, ತನ್ನ ಜನಕ್ಕೆ ಮಾತ್ರ ತಾನು ಗೊತ್ತಿಲ್ಲ ಎಂದು ಅಲ್ಲಿ ದೇವರು ದುಃಖಿಸುತ್ತಾನೆ. ನಾಲ್ಕನೇ ಶತಮಾನದ ಕಲ್ಲಿನ ಶವಪೆಟ್ಟಿಗೆಗಳ ಮೇಲೇ ಮಗುವಿನ ಪಕ್ಕ ಎತ್ತು, ಕತ್ತೆ ಇವೆ. ಗುರುತು ಹಿಡಿಯಬಲ್ಲವರು ಯಾರು ಎಂದು ಹೇಳುವ ಗುರುತು ಅವು. ಫ್ರಾನ್ಸಿಸ್ ಅವನ್ನು ಬರೀ ಅಲಂಕಾರ ಎಂದುಕೊಳ್ಳಲಿಲ್ಲ. ಕ್ರಿಸ್‌ಮಸ್ ದಿನ ಎತ್ತು, ಕತ್ತೆಗಳಿಗೆ ಹೆಚ್ಚು ಮೇವು ಹಾಕಬೇಕು, ಹಕ್ಕಿಗಳಿಗೆ ದಾರಿಯಲ್ಲಿ ಕಾಳು ಚೆಲ್ಲಬೇಕು, ಉಳ್ಳವರು ಬಡವರಿಗೆ ಹೊಟ್ಟೆ ತುಂಬ ಬಡಿಸಬೇಕು ಎಂಬುದು ಅವರ ಆಸೆಯಾಗಿತ್ತು.

ಪೂಜೆಯ ನಡುವೆ ಅಲ್ಲಿದ್ದ ಒಬ್ಬರಿಗೆ ಒಂದು ದರ್ಶನವಾಯಿತಂತೆ. ಗೋದಲಿಯಲ್ಲಿ ಜೀವವಿಲ್ಲದಂತೆ ಒಂದು ಮಗು ಮಲಗಿದೆ, ಫ್ರಾನ್ಸಿಸ್ ಹತ್ತಿರ ಹೋದಾಗ ಅದು ನಿದ್ದೆಯಿಂದೆದ್ದ ಹಾಗೆ ಕಣ್ಣು ತೆರೆಯುತ್ತದೆ. ಜನರ ಎದೆಯಲ್ಲಿ ಮರೆತುಹೋಗಿದ್ದ ಮಗು ಎಚ್ಚರಗೊಂಡಿತು ಎಂದು ತೋಮಸ್ ಇದಕ್ಕೆ ಅರ್ಥ ಹೇಳುತ್ತಾರೆ.

ಇನ್ನೊಂದು ಮಾತನ್ನು ಕೆಲವು ಇತಿಹಾಸಕಾರರು ಸೇರಿಸುತ್ತಾರೆ. ಪುಣ್ಯಭೂಮಿಯನ್ನು ಗೆಲ್ಲಬೇಕೆಂದು ಸೇನೆಗಳು ಸಮುದ್ರ ದಾಟುತ್ತಿದ್ದ ಕಾಲ ಅದು. ದಮಿಯೆತ್ತಾದ ಹೆಣಗಳನ್ನು ಕಂಡು ಬಂದ ಮನುಷ್ಯ ನಾಲ್ಕು ವರ್ಷದ ಮೇಲೆ, ಬೆತ್ಲೆಹೇಮಿಗಾಗಿ ಯಾರ ರಕ್ತವನ್ನೂ ಸುರಿಸಬೇಕಿಲ್ಲ, ಒಂದು ಹೊರೆ ಹುಲ್ಲಿದ್ದರೆ ಅದು ನಿಮ್ಮ ಊರಲ್ಲೇ ಇದೆ ಎಂದು ತೋರಿಸಿದ.

ಎರವಲು ಬಟ್ಟೆ

ಈಜಿಪ್ಟಿನಿಂದ ಬಂದಂದಿನಿಂದ ಫ್ರಾನ್ಸಿಸರ ಕಣ್ಣು ಕೆಟ್ಟಿತ್ತು, ಬೆಳಕು ನೋಡಲಾಗುತ್ತಿರಲಿಲ್ಲ. 1224ರಲ್ಲಿ ಲಾ ವೆರ್ನಾ ಬೆಟ್ಟದಲ್ಲಿ ಪ್ರಾರ್ಥಿಸುತ್ತಿದ್ದಾಗ ಅವರ ಕೈ, ಕಾಲು, ಪಕ್ಕೆಯಲ್ಲಿ ಶಿಲುಬೆಗೇರಿದ ಕ್ರಿಸ್ತನ ಗಾಯದ ಗುರುತುಗಳು ಮೂಡಿದವು ಎಂದು ಜೊತೆಗಾರರು ದಾಖಲಿಸಿದ್ದಾರೆ. ಮರುವರ್ಷ ಕಣ್ಣಿನ ಚಿಕಿತ್ಸೆ ಎಂದು ವೈದ್ಯರು ಕಾದ ಕಬ್ಬಿಣದಿಂದ ಕಪಾಲಕ್ಕೆ ಬರೆ ಹಾಕಿದರು, ಉಪಯೋಗವಾಗಲಿಲ್ಲ. ಆ ನೋವಿನ ದಿನಗಳಲ್ಲೇ ಸೂರ್ಯನನ್ನು ಅಣ್ಣ, ಚಂದ್ರನನ್ನು ಅಕ್ಕ ಎಂದು ಕರೆದು ಊರಮಾತಿನಲ್ಲಿ ಸ್ತೋತ್ರ ಕಟ್ಟಿದರು.

1226ರ ಅಕ್ಟೋಬರ್ 3ರ ಸಂಜೆ, ತಾವೇ ರಿಪೇರಿ ಮಾಡಿದ್ದ ಪೊರ್ಸಿಯುಂಕುಲಾ ಎಂಬ ಪುಟ್ಟ ಚರ್ಚಿನ ಬಳಿ ಅವರು ತೀರಿಕೊಂಡರು. ಅದಕ್ಕೆ ಮೊದಲು ಮೈಮೇಲಿನ ಬಟ್ಟೆ ತೆಗೆಸಿ ತನ್ನನ್ನು ಬರಿನೆಲದ ಮೇಲೆ ಮಲಗಿಸಲು ಹೇಳಿದರು. ಅವರನ್ನು ನೋಡಿಕೊಳ್ಳುತ್ತಿದ್ದ ಸಹೋದರನಿಗೆ ಅವರ ಮನಸ್ಸು ಗೊತ್ತಿತ್ತು. ಒಂದು ನಿಲುವಂಗಿ ತಂದು, ಇದು ನಿಮ್ಮದಲ್ಲ, ಎರವಲು ಕೊಡುತ್ತಿದ್ದೇನೆ, ಬೇರೆಯವರಿಗೆ ಕೊಡುವ ಹಕ್ಕೂ ನಿಮಗಿಲ್ಲ ಎಂದ. ಫ್ರಾನ್ಸಿಸರಿಗೆ ಬಹಳ ಸಂತೋಷವಾಯಿತು. ಇಪ್ಪತ್ತು ವರ್ಷದ ಹಿಂದೆ ಅಪ್ಪನ ಬಟ್ಟೆ ತಿರುಗಿ ಕೊಟ್ಟವರು, ಹೋಗುವಾಗ ಯಾರ ಬಟ್ಟೆಯನ್ನೂ ತನ್ನದು ಅನ್ನದೆ ಹೋದರು. 1228ರಲ್ಲಿ ಪೋಪ್ ಒಂಬತ್ತನೇ ಗ್ರೆಗರಿ ಅವರನ್ನು ಸಂತ ಎಂದು ಘೋಷಿಸಿದರು.

ಅವರ ಹಾದಿಯ ಒಂದು ಕವಲಾದ ಕಪುಚಿನ್ ಗುರುಗಳು ಕರಾವಳಿಯವರಿಗೆ ಹೊಸಬರಲ್ಲ, ಫರಂಗಿಪೇಟೆಯ ಮೊಂತೆ ಮರಿಯಾನೊ ಅವರದೇ ಆಶ್ರಮ. ಯುಎಇ, ಒಮಾನ್, ಯೆಮೆನ್ ಸೇರಿದ ದಕ್ಷಿಣ ಅರೇಬಿಯಾದ ಕಥೊಲಿಕರ ಹೊಣೆಯೂ ಕಪುಚಿನ್ನರದ್ದೇ. ದುಬೈಯ ಜೆಬೆಲ್ ಅಲಿಯ ಚರ್ಚು ಇರುವುದು ಅಸ್ಸಿಸಿಯ ಫ್ರಾನ್ಸಿಸರ ಹೆಸರಲ್ಲಿ. ಸುಲ್ತಾನರ ಭೇಟಿಗೆ 800 ವರ್ಷ ತುಂಬಿದ 2019ರ ಫೆಬ್ರವರಿಯಲ್ಲಿ, ಅದೇ ಹೆಸರು ಇಟ್ಟುಕೊಂಡಿದ್ದ ಪೋಪ್ ಫ್ರಾನ್ಸಿಸ್ ಅಬುಧಾಬಿಗೆ ಬಂದು ಅಲ್ ಅಝ್‌ಹರಿನ ಇಮಾಮ್ ಅಹ್ಮದ್ ಅಲ್ ತಯ್ಯಿಬ್ ಅವರ ಜೊತೆ ಮಾನವ ಸೋದರತ್ವದ ಪತ್ರಕ್ಕೆ ಸಹಿ ಹಾಕಿದರು. ಅದೇ ವರ್ಷ ಡಿಸೆಂಬರ್ 1ರಂದು ಗ್ರೆಚ್ಚೊಗೆ ಹೋಗಿ ಗೋದಲಿಯ ಅರ್ಥದ ಬಗ್ಗೆ ಇನ್ನೊಂದು ಪತ್ರಕ್ಕೆ ಸಹಿ ಮಾಡಿದರು.

ಗೋದಲಿ ಈಗ ದೊಡ್ಡದಾಗಿದೆ. ಬಣ್ಣದ ಬಲ್ಬು, ತಿರುಗುವ ಗಾಳಿಯಂತ್ರ, ಹರಿಯುವ ನೀರು, ಅದಕ್ಕೊಂದು ಸ್ಪರ್ಧೆ, ಬಹುಮಾನ. ಅದರಲ್ಲಿ ತಪ್ಪೇನಿಲ್ಲ, ಮಕ್ಕಳಿಗೆ ಖುಷಿ. ಆದರೆ ಅಷ್ಟೆಲ್ಲದರ ನಡುವೆ ಹುಲ್ಲು ಹಾಕಿದ ಆ ಪುಟ್ಟ ತೊಟ್ಟಿ ಮಾತ್ರ ಡಿಸೆಂಬರ್ 24ರ ರಾತ್ರಿಯವರೆಗೂ ಖಾಲಿ ಇರುತ್ತದೆ. ಕುರುಬರಿಗೆ ಹೇಳಿದ ಗುರುತು ಅದು. ಗ್ರೆಚ್ಚೊದ ಜನ ಪಂಜು ಹಿಡಿದು ಗುಡ್ಡ ಹತ್ತಿ ಬಂದು ನೋಡಿದ್ದೂ ಅದನ್ನೇ.